ಹೋಮ್‌ಸ್ಕೂಲಿಂಗ್ ಮತ್ತು ಕಾನೂನು: ಕಡ್ಡಾಯ ಯಾವುದು, ಶಾಲೆಯೋ ಕಲಿಕೆಯೋ?

ಮಗುವಿಗೆ ಮನೆಯಲ್ಲೇ ಕಲಿಸೋಣ ಅಂತ ಯೋಚಿಸುವ ಅಪ್ಪ ಅಮ್ಮ ಮೊದಲು ಹುಡುಕುವುದು ಪುಸ್ತಕ, ಪಠ್ಯಕ್ರಮ, ಟೈಮ್‌ಟೇಬಲ್. ಕಾನೂನು ನೆನಪಾಗುವುದು ಆಮೇಲೆ. ನೆಂಟರು ಯಾರೋ 'ಇದಕ್ಕೆ ಪರ್ಮಿಷನ್ ಇದೆಯಾ?' ಅಂತ ಕೇಳುತ್ತಾರೆ, ಇಲ್ಲವೇ ಶಾಲೆಯಿಂದ ನೋಟಿಸ್ ಬರುತ್ತದೆ. ಆಗ ವಿಚಾರಿಸಲು ಹೊರಟರೆ ಒಬ್ಬರು 'ಏನೂ ಆಗಲ್ಲ ಬಿಡಿ' ಅನ್ನುತ್ತಾರೆ, ಇನ್ನೊಬ್ಬರು 'ಮಗುವನ್ನೇ ಕರ್ಕೊಂಡು ಹೋಗ್ತಾರೆ' ಅಂತ ಹೆದರಿಸುತ್ತಾರೆ. ಒಂದು ದೇಶದ ಕಾನೂನನ್ನು ಇನ್ನೊಂದು ದೇಶಕ್ಕೆ ಹಚ್ಚಿ ಮಾತಾಡುವುದರಿಂದಲೇ ಈ ಗೊಂದಲ ಜಾಸ್ತಿ.

ಯಾವ ದೇಶದ ಕಾನೂನನ್ನು ಓದಲು ಕೂತರೂ ಮೊದಲು ಒಂದೇ ಪ್ರಶ್ನೆ ಕೇಳಿ. ಇಲ್ಲಿ ಕಡ್ಡಾಯ ಮಾಡಿರುವುದು ಶಾಲೆಯನ್ನೋ, ಶಿಕ್ಷಣವನ್ನೋ? ಎರಡೂ ಒಂದೇ ಅಂತ ಅನ್ನಿಸಬಹುದು. ಆದರೆ ಕಾನೂನಿನ ಕಣ್ಣಿನಲ್ಲಿ ಇವೆರಡೂ ಬೇರೆ ಬೇರೆ. ಉಳಿದ ನಿಯಮಗಳೆಲ್ಲ ಈ ಪ್ರಶ್ನೆಯ ಉತ್ತರದ ಮೇಲೇ ನಿಂತಿವೆ.

ಈ ಎಳೆದಾಟ ಹೊಸದೇನಲ್ಲ. ವಿಶ್ವಸಂಸ್ಥೆ 1948ರಲ್ಲಿ ಒಪ್ಪಿದ ಮಾನವ ಹಕ್ಕುಗಳ ಘೋಷಣೆಯ 26ನೇ ವಿಧಿಯಲ್ಲೇ ಅದು ಕಾಣುತ್ತದೆ. ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಿರಬೇಕು ಎಂದು ಅದರ ಮೊದಲ ಭಾಗ ಹೇಳುತ್ತದೆ. ಮಗುವಿಗೆ ಎಂಥ ಶಿಕ್ಷಣ ಕೊಡಬೇಕು ಎಂದು ಆರಿಸುವ ಮೊದಲ ಹಕ್ಕು ತಂದೆ ತಾಯಿಯದ್ದು ಎಂದು ಮೂರನೇ ಭಾಗ ಹೇಳುತ್ತದೆ. ಒಂದೊಂದು ದೇಶ ಒಂದೊಂದು ಕಡೆ ವಾಲಿದೆ.

ಶಾಲೆಯೇ ಕಡ್ಡಾಯ ಇರುವ ಕಡೆ

ಜರ್ಮನಿಯಲ್ಲಿ ಮಗು ಶಾಲೆಗೆ ಹೋಗಲೇಬೇಕು. ಸರ್ಕಾರಿ ಶಾಲೆ ಬೇಡವಾದರೆ ಮಾನ್ಯತೆ ಇರುವ ಖಾಸಗಿ ಶಾಲೆಗೆ ಕಳಿಸಬಹುದು. ಆದರೆ 'ಮನೆಯಲ್ಲಿ ನಾವೇ ಚೆನ್ನಾಗಿ ಕಲಿಸುತ್ತೇವೆ' ಎಂಬ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ. ಅಲ್ಲಿನ ಪೋಷಕರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 2006ರಲ್ಲಿ ಬಂದ ಆದೇಶ ಜರ್ಮನಿಯ ಪರವಾಗಿಯೇ ಇತ್ತು. ಬೇರೆ ಬೇರೆ ಹಿನ್ನೆಲೆಯ ಮಕ್ಕಳು ಒಟ್ಟಿಗೆ ಬೆರೆಯುವುದೂ ಶಿಕ್ಷಣದ ಭಾಗ, ಅದಕ್ಕೆ ಶಾಲೆ ಬೇಕು ಎಂಬುದು ಆ ದೇಶದ ವಾದ. ಇನ್ನೊಂದು ಪ್ರಕರಣದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಲು ಒಪ್ಪದ ದಂಪತಿಯಿಂದ ಅಧಿಕಾರಿಗಳು ಮಕ್ಕಳನ್ನು ಸ್ವಲ್ಪ ಕಾಲ ದೂರ ಇಟ್ಟಿದ್ದರು. ಅದರಿಂದ ಕುಟುಂಬದ ಹಕ್ಕಿಗೆ ಧಕ್ಕೆಯಾಗಿಲ್ಲ ಎಂದು 2019ರಲ್ಲಿ ಅದೇ ನ್ಯಾಯಾಲಯ ತೀರ್ಪು ಕೊಟ್ಟಿತು. 'ಕರ್ಕೊಂಡು ಹೋಗ್ತಾರೆ' ಎಂಬ ಮಾತಿನ ಹಿಂದೆ ಇರುವುದು ಇಂಥ ಪ್ರಕರಣಗಳು.

ಸ್ವೀಡನ್ 2010ರ ಶಿಕ್ಷಣ ಕಾಯ್ದೆಯಲ್ಲಿ ಇದೇ ದಾರಿ ಹಿಡಿಯಿತು. ತೀರಾ ಅಸಾಧಾರಣ ಕಾರಣ ಇದ್ದರೆ ಮಾತ್ರ ಮನೆಶಿಕ್ಷಣಕ್ಕೆ ಒಪ್ಪಿಗೆ. ಇಂಥ ದೇಶಗಳಿಗೆ ಕೆಲಸದ ಮೇಲೆ ಹೋಗುವ ಕುಟುಂಬಗಳು ಇದನ್ನು ವೀಸಾಗೆ ಮೊದಲೇ ತಿಳಿದುಕೊಂಡಿರಬೇಕು. ನೀವಿರುವ ದೇಶದಲ್ಲಿ ನಡೆದ ಪದ್ಧತಿ ಅಲ್ಲಿ ರಕ್ಷಣೆ ಕೊಡುವುದಿಲ್ಲ.

ಶಿಕ್ಷಣ ಕಡ್ಡಾಯ, ಶಾಲೆ ಅಲ್ಲ ಎನ್ನುವ ಕಡೆ

ಡೆನ್ಮಾರ್ಕಿನಲ್ಲಿ ಈ ಹಕ್ಕು ಸಂವಿಧಾನದಲ್ಲೇ ಇದೆ. ಸಾರ್ವಜನಿಕ ಶಾಲೆಯಲ್ಲಿ ಸಿಗುವಷ್ಟು ಶಿಕ್ಷಣವನ್ನು ಪೋಷಕರೇ ಕೊಡುವುದಾದರೆ ಮಗುವನ್ನು ಅಲ್ಲಿಗೆ ಕಳಿಸಬೇಕಿಲ್ಲ ಎಂದು 76ನೇ ವಿಧಿ ಹೇಳುತ್ತದೆ. ಐರ್ಲೆಂಡಿನ ಸಂವಿಧಾನ ಮಗುವಿನ ಮೊದಲ ಶಿಕ್ಷಕ ಕುಟುಂಬವೇ ಎಂದು ಒಪ್ಪುತ್ತದೆ, ಆದರೆ ಕನಿಷ್ಠ ಮಟ್ಟದ ಶಿಕ್ಷಣ ಸಿಗಲೇಬೇಕು ಎಂದೂ ಸೇರಿಸುತ್ತದೆ. ಇಂಗ್ಲೆಂಡಿನಲ್ಲಿ ಎಲ್ಲವೂ 1996ರ ಶಿಕ್ಷಣ ಕಾಯ್ದೆಯ 7ನೇ ಸೆಕ್ಷನ್ ಮೇಲೆ ನಿಂತಿದೆ. ಮಗುವಿನ ವಯಸ್ಸು, ಸಾಮರ್ಥ್ಯ, ಆಸಕ್ತಿಗೆ ಹೊಂದುವ ಪೂರ್ಣಾವಧಿ ಶಿಕ್ಷಣವನ್ನು ಪೋಷಕರು ಕೊಡಿಸಬೇಕು. ಶಾಲೆಯ ಮೂಲಕ ಕೊಡಿಸಬಹುದು, ಬೇರೆ ರೀತಿಯಲ್ಲೂ ಕೊಡಿಸಬಹುದು. ಅಲ್ಲಿ ಹೋಮ್‌ಸ್ಕೂಲಿಂಗಿಗೆ ಜಾಗ ಸಿಕ್ಕಿರುವುದು ಆ 'ಬೇರೆ ರೀತಿ' ಎಂಬ ಮಾತಿನಿಂದಲೇ.

ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಕಾನೂನು ಇಲ್ಲ. 50 ರಾಜ್ಯಗಳಲ್ಲೂ ಮನೆಶಿಕ್ಷಣಕ್ಕೆ ಅವಕಾಶ ಇದೆ, ಆದರೆ ನಿಯಮ ರಾಜ್ಯದಿಂದ ರಾಜ್ಯಕ್ಕೆ ಪೂರ್ತಿ ಬೇರೆ. ಟೆಕ್ಸಾಸ್ ಸುಪ್ರೀಂ ಕೋರ್ಟ್ 1994ರಲ್ಲಿ ಮನೆಯ ಪಾಠವನ್ನು ಖಾಸಗಿ ಶಾಲೆಯಂತೆಯೇ ಕಾಣಬೇಕು ಎಂದಿತು. ಅಲ್ಲಿ ಮನೆಪಾಠ ಶುರು ಮಾಡುವ ಮೊದಲು ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕಿಲ್ಲ. ನ್ಯೂಯಾರ್ಕ್‌ನಲ್ಲಿ ಪ್ರತಿ ವರ್ಷ ತಿಳಿವಳಿಕೆ ಪತ್ರ ಕೊಡಬೇಕು, ಮಗುವಿನ ಕಲಿಕಾ ಯೋಜನೆ ಸಲ್ಲಿಸಬೇಕು, ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು, ವರ್ಷದ ಕೊನೆಗೆ ಮೌಲ್ಯಮಾಪನ ಮಾಡಿಸಬೇಕು. 1ರಿಂದ 6ನೇ ತರಗತಿಗೆ ವರ್ಷಕ್ಕೆ 900 ಗಂಟೆ, ಅದರ ಮೇಲಿನ ತರಗತಿಗಳಿಗೆ 990 ಗಂಟೆ ಪಾಠ ಆಗಿರಬೇಕು. ಒಂದೇ ದೇಶ, ಆದರೆ ಗಡಿ ದಾಟಿದರೆ ಇಷ್ಟು ವ್ಯತ್ಯಾಸ.

ಭಾರತದ ಕಾನೂನು ಎಲ್ಲಿ ನಿಂತಿದೆ?

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಂವಿಧಾನದ 86ನೇ ತಿದ್ದುಪಡಿ 2002ರಲ್ಲಿ ಬಂತು. ಅದು ಸೇರಿಸಿದ 21ಎ ವಿಧಿ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದೇ ತಿದ್ದುಪಡಿ ಪೋಷಕರಿಗೂ ಒಂದು ಕರ್ತವ್ಯ ಹೊರಿಸಿತು. ಈ ವಯಸ್ಸಿನ ಮಗುವಿಗೆ ಶಿಕ್ಷಣದ ಅವಕಾಶ ಒದಗಿಸಬೇಕು. ಇಲ್ಲಿಯವರೆಗೆ ಓದಿದರೆ ಮಾತು ಶಿಕ್ಷಣದ್ದೇ, ಶಾಲೆಯದ್ದಲ್ಲ.

ಆಮೇಲೆ ಬಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ, ನಾವು ಆರ್‌ಟಿಇ ಅನ್ನುವುದು. ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಅದರ 10ನೇ ಸೆಕ್ಷನ್ ತಂದೆ, ತಾಯಿ ಅಥವಾ ಪಾಲಕರು ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಕರ್ತವ್ಯ ಎನ್ನುತ್ತದೆ. ಇಲ್ಲಿ ಶಾಲೆ ಬಂದುಬಿಟ್ಟಿತು. ಕಾಯ್ದೆ 'ಶಾಲೆ' ಎಂದು ಪಟ್ಟಿ ಮಾಡಿರುವವುಗಳಲ್ಲಿ ಮನೆ ಇಲ್ಲ.

ಹಾಗಾದರೆ ಮನೆಯಲ್ಲಿ ಕಲಿಸುವುದು ಅಪರಾಧವೇ? ಅದೇ ಕಾಯ್ದೆಯನ್ನು ಇನ್ನೂ ಓದಿ. 'ಕಡ್ಡಾಯ ಶಿಕ್ಷಣ' ಎಂದರೇನು ಎಂದು 8ನೇ ಸೆಕ್ಷನ್ ವಿವರಿಸುತ್ತದೆ. ಆ ವಿವರಣೆ ಹೊಣೆ ಹೊರಿಸುವುದು ಸರ್ಕಾರದ ಮೇಲೆ. ಉಚಿತ ಶಿಕ್ಷಣ ಕೊಡಬೇಕಾದದ್ದು, ದಾಖಲಾತಿ, ಹಾಜರಿ, ಓದು ಮುಗಿಸುವುದು ಇವನ್ನೆಲ್ಲ ಖಾತ್ರಿ ಮಾಡಬೇಕಾದದ್ದು ಸರ್ಕಾರ. 10ನೇ ಸೆಕ್ಷನ್ ಪಾಲಿಸದ ಪೋಷಕರಿಗೆ ದಂಡವನ್ನಾಗಲಿ ಜೈಲನ್ನಾಗಲಿ ಈ ಕಾಯ್ದೆ ಹೇಳಿಲ್ಲ. ಹೋಮ್‌ಸ್ಕೂಲಿಂಗ್ ಮಾಡುವ ಪೋಷಕರು ಅರ್ಜಿ ಹಾಕಿ ಅನುಮತಿ ಪಡೆಯುವ ವ್ಯವಸ್ಥೆಯೂ ಈ ಕಾಯ್ದೆಯಲ್ಲಿ ಇಲ್ಲ. ಅಂದರೆ ಬಾಗಿಲು ತೆರೆದೂ ಇಲ್ಲ, ಬೀಗ ಹಾಕಿಯೂ ಇಲ್ಲ.

ಒಂದೇ ಕಡೆ ಕಾನೂನು ಮನೆಶಿಕ್ಷಣವನ್ನು ನೇರವಾಗಿ ಒಪ್ಪಿದೆ. 2012ರ ತಿದ್ದುಪಡಿಯ ಪ್ರಕಾರ ತೀವ್ರ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದು. ಇದು ಪೋಷಕರು ಅಂಗಲಾಚಿ ಪಡೆಯುವ ರಿಯಾಯಿತಿ ಅಲ್ಲ, ಮಗುವಿನ ಹಕ್ಕು. ಈ ಸಾಲು ಗೊತ್ತಿಲ್ಲದೆ ಎಷ್ಟೋ ಅಮ್ಮಂದಿರು ಕಚೇರಿಗಳಲ್ಲಿ ಕೈಮುಗಿದು ನಿಲ್ಲುತ್ತಾರೆ. ಅದು ಆಗಬಾರದು.

9ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರ ತನ್ನ ವ್ಯಾಪ್ತಿಯ 14 ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆ ಇಡಬೇಕು. ಹಾಗಾಗಿ ಯಾವುದಾದರೂ ಸಮೀಕ್ಷೆಯ ಸಿಬ್ಬಂದಿ ಮನೆ ಬಾಗಿಲಿಗೆ ಬಂದು 'ಮಗು ಯಾವ ಶಾಲೆ?' ಅಂತ ಕೇಳಿದರೆ ಅದು ಕಿರುಕುಳ ಅಲ್ಲ, ಅವರ ಕೆಲಸ. ಸುಮ್ನೆ ಯಾವುದೋ ಶಾಲೆಯ ಹೆಸರು ಹೇಳಿ ಕಳಿಸಬೇಡಿ. ನಿಜ ಹೇಳಿ, ಕಲಿಕೆಯ ದಾಖಲೆ ತೋರಿಸಿ. ಅವರ ಪಟ್ಟಿಯಲ್ಲಿ ಸಾಮಾನ್ಯವಾಗಿ 'ಶಾಲೆಗೆ ಹೋಗುತ್ತಿದೆ', 'ಶಾಲೆ ಬಿಟ್ಟಿದೆ' ಎಂಬ ಎರಡೇ ಖಾನೆ ಇರುತ್ತವೆ. ಮನೆಯಲ್ಲಿ ಓದುವ ಮಗು ದುಡಿಮೆಗೆ ಹೋಗುವ ಮಗುವಿನ ಪಕ್ಕದಲ್ಲೇ ಬಂದು ಕೂರುತ್ತದೆ. ಹಾಗಾಗಿ ಅವರ ಅನುಮಾನವೂ ಸಹಜ. ಕೇಂದ್ರ ಕಾಯ್ದೆಯ ಜೊತೆಗೆ ರಾಜ್ಯದ ಶಿಕ್ಷಣ ಕಾಯ್ದೆ, ನಿಯಮಗಳನ್ನೂ ಓದಿಕೊಂಡಿರಿ. ಹಾಜರಿಯ ಬಗ್ಗೆ ಅಲ್ಲಿ ಬೇರೆ ಮಾತು ಇರಬಹುದು.

ತಿಳಿಸಬೇಕೋ, ಕೇಳಬೇಕೋ?

ಶಿಕ್ಷಣ ಮಾತ್ರ ಕಡ್ಡಾಯ ಎನ್ನುವ ದೇಶಗಳಲ್ಲೂ ಸರ್ಕಾರ ಸುಮ್ಮನೆ ಕೂರುವುದಿಲ್ಲ. 'ಮಗು ಕಲಿಯುತ್ತಿದೆ ಅಂತ ನಮಗೆ ಗೊತ್ತಾಗುವುದು ಹೇಗೆ?' ಅಂತ ಕೇಳುತ್ತದೆ. ಆ ಪ್ರಶ್ನೆ ನ್ಯಾಯವಾದದ್ದೇ. ಯಾರ ಕಣ್ಣಿಗೂ ಬೀಳದ ಮಗು ಹಸಿದಿದ್ದರೂ, ಏಟು ತಿನ್ನುತ್ತಿದ್ದರೂ ಹೊರಗೆ ಗೊತ್ತಾಗುವುದಿಲ್ಲ. ಮನೆಶಿಕ್ಷಣದ ಪರ ಇರುವವರೂ ಇದನ್ನು ಮನಸ್ಸಿನಿಂದ ಒಪ್ಪಬೇಕು ಎಂಬುದು ನನ್ನ ನಂಬಿಕೆ.

ಇಲ್ಲಿ ತುಂಬಾ ಜನ ಎಡವುವುದು ತಿಳಿಸುವುದಕ್ಕೂ ಅನುಮತಿ ಕೇಳುವುದಕ್ಕೂ ಇರುವ ವ್ಯತ್ಯಾಸದಲ್ಲಿ. ಬರೀ ತಿಳಿಸಿದರೆ ಸಾಕು ಎನ್ನುವ ಕಡೆ ಪತ್ರ ಕೊಟ್ಟು ಪಾಠ ಶುರು ಮಾಡಬಹುದು. ಅನುಮತಿ ಬೇಕು ಎನ್ನುವ ಕಡೆ ಉತ್ತರ ಬರುವ ಮೊದಲೇ ಮಗುವನ್ನು ಶಾಲೆ ಬಿಡಿಸಿದರೆ ಅಂದಿನಿಂದಲೇ ಕಾನೂನು ಮೀರಿದಂತೆ. ಫ್ರಾನ್ಸಿನಲ್ಲಿ ಮೊದಲು ತಿಳಿಸಿದರೆ ಸಾಕಿತ್ತು. 2021ರ ಕಾನೂನಿನ ನಂತರ, 2022ರ ಶೈಕ್ಷಣಿಕ ವರ್ಷದಿಂದ ಮುಂಚಿತ ಅನುಮತಿ ಬೇಕು. ಅದಕ್ಕೆ ಒಪ್ಪುವ ಕಾರಣಗಳೂ ಬೆರಳೆಣಿಕೆಯವು: ಆರೋಗ್ಯ ಅಥವಾ ಅಂಗವೈಕಲ್ಯ, ತೀವ್ರ ಕ್ರೀಡೆ ಇಲ್ಲವೇ ಕಲೆಯ ಅಭ್ಯಾಸ, ಊರೂರು ಸುತ್ತುವ ಕುಟುಂಬ ಅಥವಾ ದೂರದ ಶಾಲೆ, ಮತ್ತು ಆ ಮಗುವಿಗೇ ವಿಶೇಷವಾದ ಪರಿಸ್ಥಿತಿ. ಹಳೆಯ ಮಾಹಿತಿ ನಂಬಿದವರಿಗೆ ಅಲ್ಲಿ ದೊಡ್ಡ ಪೆಟ್ಟು ಬೀಳಬಹುದು. ನ್ಯೂಜಿಲೆಂಡಿನಲ್ಲೂ ಮೊದಲೇ ವಿನಾಯಿತಿ ಪತ್ರ ಪಡೆಯಬೇಕು. ನೋಂದಾಯಿತ ಶಾಲೆಯಷ್ಟೇ ಕ್ರಮವಾಗಿ, ಅಷ್ಟೇ ಚೆನ್ನಾಗಿ ಕಲಿಸುತ್ತೇವೆ ಎಂದು ತೋರಿಸಿದರೆ ಅದು ಸಿಗುತ್ತದೆ.

ಮಗು ಈಗಾಗಲೇ ಶಾಲೆಯಲ್ಲಿದೆಯೇ ಎಂಬುದೂ ಮುಖ್ಯ. ಇಂಗ್ಲೆಂಡಿನ ಸಾಮಾನ್ಯ ಶಾಲೆಯಿಂದ ಬಿಡಿಸಲು ಲಿಖಿತವಾಗಿ ತಿಳಿಸಿದರೆ ಸಾಕು. ಸ್ಥಳೀಯ ಆಡಳಿತದ ಮೂಲಕ ವಿಶೇಷ ಶಾಲೆಗೆ ಸೇರಿದ್ದರೆ ಅವರ ಒಪ್ಪಿಗೆ ಬೇಕು. ಪಕ್ಕದ ಸ್ಕಾಟ್ಲೆಂಡಿನಲ್ಲಿ ಸಾರ್ವಜನಿಕ ಶಾಲೆಯಿಂದ ಬಿಡಿಸಲೂ ಒಪ್ಪಿಗೆ ಬೇಕು.

ಶಾಲೆಗೆ ಕೊಡುವ ಪತ್ರ

ಅರ್ಧದಲ್ಲಿ ಮಗುವನ್ನು ಕಳಿಸುವುದನ್ನು ನಿಲ್ಲಿಸಿಬಿಡುವುದು ಅತಿ ಕೆಟ್ಟ ದಾರಿ. ಹಾಜರಿ ಪುಸ್ತಕದಲ್ಲಿ ಹೆಸರು ಇರುವ ತನಕ ಪ್ರತಿ ದಿನವೂ ಗೈರುಹಾಜರಿಯೇ. ಒಂದು ಸರಳ ಪತ್ರ ಸಾಕು. ಹೀಗೆ ಬರೆಯಬಹುದು:

'4ನೇ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗಳು ಇಂಥ ದಿನಾಂಕದಿಂದ ತಮ್ಮ ಶಾಲೆಯಲ್ಲಿ ಮುಂದುವರಿಯುವುದಿಲ್ಲ. ಆ ದಿನದಿಂದ ಅವಳ ಶಿಕ್ಷಣದ ಹೊಣೆಯನ್ನು ಮನೆಯಲ್ಲಿ ನಾವೇ ವಹಿಸಿಕೊಳ್ಳುತ್ತೇವೆ. ದಯವಿಟ್ಟು ಅವಳ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆದು, ವರ್ಗಾವಣೆ ಪತ್ರ ಹಾಗೂ ಈವರೆಗಿನ ಅಂಕಪಟ್ಟಿಗಳನ್ನು ಕೊಡಬೇಕೆಂದು ಕೋರುತ್ತೇವೆ.'

ಅಷ್ಟೇ. ಶಾಲೆಯ ಮೇಲಿನ ದೂರುಗಳನ್ನು ಇದರಲ್ಲಿ ತುಂಬಬೇಡಿ. ಟೀಚರ್ ಬೈದದ್ದು, ಫೀಸಿನ ಜಗಳ ಏನೇ ಇದ್ದರೂ ಅದಕ್ಕೆ ಬೇರೆ ಪತ್ರ ಬರೆಯಿರಿ. ನಾಳೆ ಅಧಿಕಾರಿಯೊಬ್ಬರು ಈ ಹಾಳೆ ಓದಿದಾಗ ಅವರಿಗೆ ಕಾಣಬೇಕಾದದ್ದು ಯೋಚಿಸಿ ತೆಗೆದುಕೊಂಡ ತೀರ್ಮಾನ, ಸಿಟ್ಟಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ತಲುಪಿದ ದಿನಾಂಕ, ಸೀಲು, ಸಹಿ ಹಾಕಿಸಿಕೊಳ್ಳಿ. ಅಪ್ಪ ಅಮ್ಮ ಇಬ್ಬರೂ ಸಹಿ ಮಾಡುವುದು ಒಳ್ಳೆಯದು. ಬೇರೆಯಾಗಿರುವ ದಂಪತಿಗಳಲ್ಲಂತೂ ಇದು ತುಂಬಾ ಮುಖ್ಯ. ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರು ಶಾಲೆ ಬಿಡಿಸಿದರೆ, ಮಗು ಯಾರ ಬಳಿ ಇರಬೇಕು ಎಂಬ ಮೊಕದ್ದಮೆಯಲ್ಲಿ ಅದೇ ವಾದದ ವಿಷಯವಾಗುತ್ತದೆ.

ಏನು ಕಲಿಸಬೇಕು, ಯಾರು ನೋಡುತ್ತಾರೆ?

ಕೆಲವು ಕಡೆ ಕಾನೂನು ವಿಷಯಗಳ ಹೆಸರು ಹೇಳುತ್ತದೆ, ಕೆಲವು ಕಡೆ ಗಂಟೆ ಎಣಿಸುತ್ತದೆ, ಕೆಲವು ಕಡೆ ಫಲಿತಾಂಶ ಕೇಳುತ್ತದೆ. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಲಿಸುವವರು ರಾಷ್ಟ್ರೀಯ ಪಠ್ಯಕ್ರಮ ಪಾಲಿಸಬೇಕಿಲ್ಲ. ಫಿನ್ಲೆಂಡಿನಲ್ಲಿ ಮಗು ವಾಸಿಸುವ ಊರಿನ ಆಡಳಿತವೇ ಕಲಿಕೆಯ ಪ್ರಗತಿ ಗಮನಿಸುತ್ತದೆ. ಆಸ್ಟ್ರಿಯಾದಲ್ಲಿ ವರ್ಷದ ಕೊನೆಗೆ ಪರೀಕ್ಷೆ ಬರೆಯಬೇಕು, ಪಾಸಾಗದಿದ್ದರೆ ಮುಂದೆ ಶಾಲೆಗೇ ಹೋಗಬೇಕು. ಸಿಂಗಾಪುರದಲ್ಲಿ ವಿನಾಯಿತಿ ಪಡೆದ ಮಕ್ಕಳೂ ಪ್ರಾಥಮಿಕ ಹಂತದ ಕೊನೆಯ ರಾಷ್ಟ್ರೀಯ ಪರೀಕ್ಷೆ ಬರೆದು ನಿಗದಿತ ಮಟ್ಟ ಮುಟ್ಟಬೇಕು.

ನಿಯಮ ಯಾವುದೇ ಇರಲಿ, ಕೊನೆಗೆ ಕೈ ಹಿಡಿಯುವುದು ದಾಖಲೆ. ಅದನ್ನು ಬರೆಯುವ ರೀತಿಯೂ ಮುಖ್ಯ. 'ಸೋಮವಾರ, ಗಣಿತ, 1 ಗಂಟೆ' ಅಂತ ಬರೆದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಅದೇ ದಿನವನ್ನು ಹೀಗೆ ಬರೆದು ನೋಡಿ: 'ಕೋಣೆಯ ಉದ್ದ ಅಗಲವನ್ನು ಟೇಪ್ ಹಿಡಿದು ಅಳೆದಳು. 3 ಮೀಟರ್ 40 ಸೆಂಟಿಮೀಟರ್, 2 ಮೀಟರ್ 90 ಸೆಂಟಿಮೀಟರ್. ನೆಲದ ವಿಸ್ತೀರ್ಣ ಲೆಕ್ಕ ಹಾಕುವಾಗ ಮೊದಲು ಮೀಟರ್, ಸೆಂಟಿಮೀಟರ್ ಬೆರೆಸಿದಳು. ಉತ್ತರ ತೀರಾ ದೊಡ್ಡದು ಬಂತು ಅಂತ ತಾನೇ ಗಮನಿಸಿ ತಿದ್ದಿದಳು. 9.86 ಚದರ ಮೀಟರ್.' ಜೊತೆಗೆ ಅವಳು ಲೆಕ್ಕ ಹಾಕಿದ ಹಾಳೆಯನ್ನೇ ಸೇರಿಸಿ, ಹೊಡೆದುಹಾಕಿದ ಸಾಲುಗಳ ಸಮೇತ. ಈ ಒಂದು ಪುಟದಲ್ಲಿ ಮಗು ಏನು ಕಲಿತಳು, ಎಲ್ಲಿ ತಪ್ಪಿದಳು, ಹೇಗೆ ಮುಂದೆ ಹೋದಳು ಎಲ್ಲವೂ ಇದೆ. ದಿನಾ ಇಷ್ಟು ಬರೆಯಬೇಕಿಲ್ಲ. ವಾರಕ್ಕೆ ಒಂದೆರಡು ಇಂಥ ಪುಟ, ಓದಿದ ಪುಸ್ತಕಗಳ ಪಟ್ಟಿ, ಹೋಗಿ ನೋಡಿದ ಜಾಗಗಳ ಟಿಪ್ಪಣಿ ಇದ್ದರೆ ವರ್ಷದ ಕೊನೆಗೆ ಗಟ್ಟಿಯಾದ ಫೈಲ್ ಆಗುತ್ತದೆ. ಪ್ರತಿ ಹಾಳೆಗೂ ದಿನಾಂಕ ಹಾಕಿ. ಮಗುವಿನ ಲಸಿಕೆ, ಆರೋಗ್ಯ ತಪಾಸಣೆಯ ಕಾಗದಗಳೂ ಅದರಲ್ಲೇ ಇರಲಿ.

ಅಧಿಕಾರಿಗಳು ಪ್ರಶ್ನೆ ಕೇಳಿ ಪತ್ರ ಬರೆದರೆ ಉತ್ತರಿಸದೆ ಬಿಡಬೇಡಿ. ಇಂಗ್ಲೆಂಡಿನಲ್ಲಿ ಸರಿಯಾದ ಶಿಕ್ಷಣ ಸಿಗುತ್ತಿಲ್ಲ ಎಂದು ಸ್ಥಳೀಯ ಆಡಳಿತಕ್ಕೆ ಅನ್ನಿಸಿದರೆ ನೋಟಿಸ್ ಕೊಟ್ಟು, ಉತ್ತರಕ್ಕೆ ಕನಿಷ್ಠ 15 ದಿನ ಕೊಡುತ್ತದೆ. ಉತ್ತರ ಸಮಾಧಾನ ತರದಿದ್ದರೆ ಮಗುವನ್ನು ಶಾಲೆಗೆ ಸೇರಿಸಲು ಆದೇಶ ಹೊರಡಿಸಬಹುದು. ಆಗ ಸುಮ್ಮನಿದ್ದರೆ ಸರಿಯಾದ ಶಿಕ್ಷಣ ಇಲ್ಲ ಎಂದೇ ಅವರು ತೀರ್ಮಾನಿಸಬಹುದು.

ಗುಂಪು ಸೇರಿ ಕಲಿಸಿದರೆ

ನಾಲ್ಕಾರು ಮನೆಯವರು ಸೇರಿ ಒಬ್ಬ ಟೀಚರ್ ಇಟ್ಟುಕೊಂಡು ಮಕ್ಕಳಿಗೆ ಕಲಿಸುವುದುಂಟು. ಒಳ್ಳೆಯ ಯೋಚನೆಯೇ. ಆದರೆ ಇಲ್ಲಿ ಒಂದು ಗೆರೆ ಇದೆ, ಅದನ್ನು ದಾಟಿದರೆ ಕಾನೂನು ಅದನ್ನು ಶಾಲೆ ಅನ್ನುತ್ತದೆ. ಇಂಗ್ಲೆಂಡಿನಲ್ಲಿ ಶಾಲಾ ವಯಸ್ಸಿನ 5 ಅಥವಾ ಹೆಚ್ಚು ಮಕ್ಕಳಿಗೆ ಒಂದೇ ಕಡೆ ಪೂರ್ಣಾವಧಿ ಪಾಠ ನಡೆದರೆ ಅದು ಸ್ವತಂತ್ರ ಶಾಲೆ, ನೋಂದಣಿ ಇಲ್ಲದೆ ನಡೆಸುವುದು ಅಪರಾಧ. ಭಾರತದ ಆರ್‌ಟಿಇ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಮಾನ್ಯತೆ ಇಲ್ಲದ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿವರೆಗೆ. ನೋಡಿ, ಸ್ವಂತ ಮಗುವಿಗೆ ಮನೆಯಲ್ಲಿ ಕಲಿಸುವ ತಾಯಿಗೆ ದಂಡ ಹೇಳದ ಕಾಯ್ದೆ, ಬೇರೆಯವರ ಮಕ್ಕಳನ್ನು ಕೂಡಿಸಿ ಶಾಲೆ ನಡೆಸುವವರಿಗೆ ಸ್ಪಷ್ಟವಾಗಿ ದಂಡ ಹೇಳಿದೆ. ಫೀಸು ತೆಗೆದುಕೊಂಡು, ಬೋರ್ಡ್ ಹಾಕಿ, ಬೆಳಗ್ಗಿನಿಂದ ಸಂಜೆವರೆಗೆ ನಡೆಸುವ ಕೇಂದ್ರಕ್ಕೆ 'ಇದು ಹೋಮ್‌ಸ್ಕೂಲಿಂಗ್' ಎಂಬ ಹೆಸರು ರಕ್ಷಣೆ ಕೊಡುವುದಿಲ್ಲ. ಆನ್‌ಲೈನ್ ಶಾಲೆಗೆ ದುಡ್ಡು ಕಟ್ಟುವ ಮೊದಲೂ ಇದನ್ನೇ ಕೇಳಿ: ನೀವಿರುವ ಜಾಗದ ಕಾನೂನು ಅದನ್ನು ಶಾಲೆ ಎಂದು ಒಪ್ಪುತ್ತದೆಯೇ? ಒಪ್ಪದಿದ್ದರೆ ನಿಮ್ಮ ಮಗು ಕಾಗದದ ಮೇಲೆ ಮನೆಯಲ್ಲಿ ಕಲಿಯುವ ಮಗುವೇ.

ಸರ್ಟಿಫಿಕೇಟ್ ಮತ್ತು ವಾಪಸ್ ಶಾಲೆಗೆ

ಮನೆಯಲ್ಲಿ ಎಷ್ಟೇ ಚೆನ್ನಾಗಿ ಕಲಿತರೂ ಕಾಲೇಜಿನವರು ಕೇಳುವುದು ಮಾನ್ಯತೆ ಇರುವ ಮಂಡಳಿಯ ಅಂಕಪಟ್ಟಿ. ಭಾರತದಲ್ಲಿ ಇದಕ್ಕೆ ಇರುವ ನೇರ ದಾರಿ 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆ, ಈಗಿನ ಎನ್‌ಐಒಎಸ್. 10ನೇ ತರಗತಿಯ ಹಂತಕ್ಕೆ ಸೇರಲು 14 ವರ್ಷ, 12ನೇ ತರಗತಿಯ ಹಂತಕ್ಕೆ 15 ವರ್ಷ ತುಂಬಿರಬೇಕು. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಅದಕ್ಕೂ ಚಿಕ್ಕ ಮಕ್ಕಳಿಗೆ 3, 5 ಮತ್ತು 8ನೇ ತರಗತಿಗೆ ಸಮಾನವಾದ ಹಂತಗಳಿವೆ. ಜನನ ಪ್ರಮಾಣಪತ್ರದಲ್ಲಿ ಹೆಸರು, ದಿನಾಂಕ ಸರಿ ಇದೆಯೇ ಅಂತ ಈಗಲೇ ನೋಡಿ. ಬೇರೆಡೆ ಶಾಲೆ ಸರಿಮಾಡಿಸುವ ತಪ್ಪನ್ನು ಇಲ್ಲಿ ನೀವೇ ಓಡಾಡಿ ಸರಿಮಾಡಿಸಬೇಕು. ಬೇರೆ ದೇಶಗಳಲ್ಲೂ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯುವ ದಾರಿ ಇರುತ್ತದೆ. ಆದರೆ ಪರೀಕ್ಷಾ ಕೇಂದ್ರ ಹುಡುಕುವುದು, ನೋಂದಣಿಯ ಕೊನೆಯ ದಿನ, ಪ್ರಾಯೋಗಿಕ ಪರೀಕ್ಷೆ ಎಲ್ಲಿ ಎಂಬುದೆಲ್ಲ ಪೋಷಕರ ತಲೆಮೇಲೆ.

ಎರಡು ವರ್ಷ ಮನೆಯಲ್ಲಿ ಕಲಿತ ಮಗು 'ನನಗೆ ಸ್ಕೂಲಿಗೆ ಹೋಗಬೇಕು' ಅಂದರೆ ಏನು ಮಾಡುವುದು? ಭಾರತದಲ್ಲಿ ಆರ್‌ಟಿಇ ಕಾಯ್ದೆ ಮಗುವಿನ ಕಡೆಗಿದೆ. 4ನೇ ಸೆಕ್ಷನ್ ಪ್ರಕಾರ ಶಾಲೆಗೆ ಸೇರದೇ ಉಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿಯನ್ನೂ ಕೊಡಬೇಕು. ವಯಸ್ಸಿನ ದಾಖಲೆ ಇಲ್ಲ ಎಂದು ಪ್ರವೇಶ ನಿರಾಕರಿಸುವ ಹಾಗಿಲ್ಲ ಎನ್ನುತ್ತದೆ 14ನೇ ಸೆಕ್ಷನ್. ಮುಖ್ಯೋಪಾಧ್ಯಾಯರು 'ಟಿಸಿ ಇಲ್ಲದೆ ಆಗಲ್ಲ' ಅಂದರೆ, ಟಿಸಿ ತಡವಾಯಿತು ಎಂಬ ಕಾರಣಕ್ಕೆ ಪ್ರವೇಶ ತಡೆಯುವಂತಿಲ್ಲ ಎಂದು 5ನೇ ಸೆಕ್ಷನ್ ಹೇಳಿರುವುದನ್ನು ವಿನಯದಿಂದ ತೋರಿಸಿ. ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ, ಜೊತೆಗೆ ಮಗುವಿನ ಫೈಲಿನಿಂದ ಇತ್ತೀಚಿನ ಕೆಲವು ಹಾಳೆಗಳನ್ನು ಲಗತ್ತಿಸಿ. ಮಗು ಯಾವ ಮಟ್ಟದಲ್ಲಿದೆ ಎಂದು ಹೊಸ ಟೀಚರ್‌ಗೆ ಮೊದಲ ದಿನವೇ ಗೊತ್ತಾಗುವುದು ಆ ಹಾಳೆಗಳಿಂದ.